ಕೋಟು ಕಾಯುವ ಕೆಲಸ

ಅಜ್ಜಿ ಪೆಲಾಗಿಯಾ ಕುತಾಯಿಸಿಯ ಆಪೆರಾ ಮನೆಯಲ್ಲಿ
ಮೂವತ್ತೊಂದು ಚಳಿಗಾಲ ಕೋಟು ಕಾದವಳು.
ಒಂದು ಹಾಡನ್ನೂ ಪೂರ್ತಿ ಕೇಳಲಿಲ್ಲ;
ಗೋಡೆ ದಾಟಿ ಬಂದಷ್ಟೇ ಅವಳ ಪಾಲು.
ಉಣ್ಣೆಯ ತೂಕ ಹಿಡಿದೇ ಹೇಳುತ್ತಿದ್ದಳು,
ಇದರ ಜೇಬಲ್ಲಿ ಸೀಸೆ ಇದೆ,
ಇದರ ಒಳಪದರದಲ್ಲಿ ಏನೋ ಹೊಲಿದಿದೆ.

ಹೆಸರು ನಂಬಬೇಡ, ಅನ್ನುತ್ತಿದ್ದಳು.
ಹೆಸರು ಅವರು ಹೇಳಿದ್ದು. ಬಿಲ್ಲೆ ನಾವು ಕೊಟ್ಟಿದ್ದು.

ನಾನು ತಮ್ತಾ. ಅದೇ ಊರು, ಹೆಚ್ಚುಕಡಿಮೆ ಅದೇ ಕೆಲಸ.
ನಗರಸಭೆಯ ಮನೆದಾಖಲೆ ವಿಭಾಗ, ಮೂರನೇ ಮಹಡಿ,
ಕಿಟಕಿ ತೆರೆದರೆ ರಿಯೋನಿ ನದಿಯ ಸದ್ದು.
ಜನ ಫಾರ್ಮು ತುಂಬಿ, ಮನೆಪತ್ರ ಸಿಕ್ಕಿಸಿ ಕಳಿಸುತ್ತಾರೆ.
ಸರ್ವರಿನ ಈಚೆ, ಗೂಟಗಳ ಸಾಲಿನ ಮುಂದೆ, ನಾನು ಬರೆದ ಕೋಡು.

ಬರುವುದು ಒಂದೇ ಉಸಿರಿಗೆ:
ಒಂದು ಗಡಿಗೆರೆ, ಹೆಸರು, ಮತ್ತೊಂದು ಗಡಿಗೆರೆ,
ಆಮೇಲೆ ಉದ್ದಕ್ಕೂ ಬಾಯಿಲ್ಲದ ಬೈಟುಗಳು.
ಹೊಸಿಲಲ್ಲೇ ತೂಗುತ್ತೇನೆ. ಹತ್ತು ಎಂಬಿ ದಾಟಿತೋ
ಬಾಲ ಬರುವವರೆಗೆ ಕಾಯುವುದಿಲ್ಲ.
ಕಾದರೆ ಡಿಸ್ಕು ಬೆಳಗಾಗುವುದರೊಳಗೆ ಉಬ್ಬುತ್ತದೆ.
ಒಮ್ಮೆ ಉಬ್ಬಿತ್ತು. ಆ ಕತೆ ಈಗ ಬೇಡ.

ಒಬ್ಬ ಬಂದ, ಹೆಸರಿನಲ್ಲೇ
ಚುಕ್ಕೆ ಚುಕ್ಕೆ ಓರೆಗೆರೆ, ಚುಕ್ಕೆ ಚುಕ್ಕೆ ಓರೆಗೆರೆ,
ಮೆಟ್ಟಿಲು ಮೆಟ್ಟಿಲೇ ಹತ್ತಿ
ನಮ್ಮ ಅಡುಗೆಮನೆಗೆ ನುಗ್ಗುವ ಲೆಕ್ಕಾಚಾರ.
ಆ ಹೆಸರನ್ನೇ ಕಿತ್ತು ಹಾಕಿದೆ.
ಯಾರ ನಾಲಿಗೆಗೂ ಒಗ್ಗದ ಮೂವತ್ತೆರಡು ಅಕ್ಷರದ ಬಿಲ್ಲೆ ಕೊಟ್ಟು
ಹಿಂದಿನ ಕತ್ತಲ ಕೋಣೆಯಲ್ಲಿ ನೇತುಹಾಕಿದೆ.
ದಾರಿಹೋಕರ ಕೈಗೆ ಎಟುಕದು ಅದು.
ಅಲ್ಲಿ ಯಾವ ಕೋಟೂ ತಾನಾಗಿ ಎದ್ದು ನಡೆಯುವಂತಿಲ್ಲ.

ಇನ್ನೊಬ್ಬ ಜೆಪೆಗ್ ಎಂದು ಬಾಲ ಅಂಟಿಸಿಕೊಂಡು ಬಂದ,
ಒಳಗೆಲ್ಲ ಪಿಎಚ್‌ಪಿ.
ಬೆಳ್ಳಗಿರುವುದೆಲ್ಲ ಹಾಲಲ್ಲ.
ನಾನು ಹಣೆಪಟ್ಟಿ ಬಿಟ್ಟು ಮೊದಲ ಬೈಟುಗಳನ್ನು ಮುಟ್ಟಿ ನೋಡುತ್ತೇನೆ,
ಅಜ್ಜಿ ಕಾಲರಿನ ಅಂಚು ಹಿಸುಕುತ್ತಿದ್ದ ಹಾಗೆ;
ನಿಜವಾಗಿ ಚಿತ್ರವೇ ಆದರೂ ಬಿಚ್ಚಿ, ಹೊಸದಾಗಿ ಹೊಲಿಯುತ್ತೇನೆ.
ಒಳಪದರದಲ್ಲಿದ್ದದ್ದು ಉದುರಲಿ.

ಇದರ ಬಗ್ಗೆ ನನಗೊಂದು ಬಿಂಕ ಇತ್ತು,
ಸೋಮವಾರ ಬೆಳಿಗ್ಗೆ ಲಾಗು ತೆರೆಯುವ ತನಕ.

ಒಂದೇ ಐಪಿಯಿಂದ ಹನ್ನೊಂದು ಸಲ,
ನಡುರಾತ್ರಿಯಿಂದ ಮೂರೂಕಾಲರವರೆಗೆ.
ಕಳ್ಳ, ಅಂದುಕೊಂಡೆ. ತಡೆಯಲು ಬೆರಳು ಎತ್ತಿಯೇ ಬಿಟ್ಟಿದ್ದೆ.
ಆಗ ಕಂಡವು ಕಡತಗಳ ಹೆಸರು:

ಮನೆ.ಪಿಡಿಎಫ್
ಮನೆ ಮತ್ತೆ.ಪಿಡಿಎಫ್
ಇದೇ ನನ್ನ ಮನೆ.ಪಿಡಿಎಫ್
ದಯವಿಟ್ಟು.ಪಿಡಿಎಫ್
ವರ್ಲಾಮನ ಮನೆ ದೇವರಾಣೆ.ಪಿಡಿಎಫ್

ಬೈಟುಗಳು ಬೇರೆಯೇ ಹೇಳಿದ್ದವು: ಫೋನಿನಲ್ಲಿ ತೆಗೆದ ಫೋಟೊ.
ಪಿಡಿಎಫ್ ಮಾತ್ರ ತಗೋತಾರೆ ಅಂತ ಯಾರೋ ಹೇಳಿರಬೇಕು,
ಮುದುಕ ಬಾಲ ತಿದ್ದಿ ತಿದ್ದಿ ಕಳಿಸಿದ್ದ.
ಫಾರ್ಮಿನಲ್ಲಿ ಹುಟ್ಟಿದ ವರ್ಷ ಸಾವಿರದ ಒಂಬೈನೂರ ನಲವತ್ತೆರಡು.
ಹನ್ನೊಂದು ಸಲವೂ ನನ್ನ ಕೋಡು ಅವನಿಗೆ ಹೇಳಿದ್ದು
ಎರಡೇ ಪದ: ಅಮಾನ್ಯ ಕಡತ.

ಬಾಗಿಲು ಸಡಿಲಿಸಲಿಲ್ಲ, ಒಂದು ಮೊಳೆಯಷ್ಟೂ.
ವರ್ಲಾಮನಿಗೆಂದು ಕೊರೆದ ಕಿಂಡಿಯಲ್ಲಿ
ವರ್ಲಾಮನ ಟೋಪಿ ಹಾಕಿಕೊಂಡು ಎಷ್ಟು ಜನ ಬಂದಾರೋ.
ಆ ಎರಡು ಪದ ಅಳಿಸಿದೆ. ಊಟ ಬಿಟ್ಟು ಕೂತು ಬರೆದೆ:
ನೀವು ಕಳಿಸಿದ್ದು ಫೋಟೊ. ಫೋಟೊವನ್ನೂ ತೆಗೆದುಕೊಳ್ಳುತ್ತೇವೆ.
ಹೆಸರು ತಿದ್ದಬೇಡಿ, ಫೋನಿನಲ್ಲಿದ್ದ ಹಾಗೇ ಕಳಿಸಿ.

ಇಷ್ಟುದ್ದ ಯಾಕೆ, ಅಂದ ಮೇಲಧಿಕಾರಿ ಒತಿಯಾ.
ಕಳ್ಳನಿಗೂ ಸುಳಿವು ಸಿಗುವುದಿಲ್ಲವಾ?
ಸಿಗಲಿ. ಗೋಡೆ ಎಲ್ಲಿದೆ ಎಂದು ಹೇಳಿದ ಮಾತ್ರಕ್ಕೆ
ಬೀಳುವಂಥದ್ದಾದರೆ ಅದು ಗೋಡೆಯೇ ಅಲ್ಲ.

ಹನ್ನೆರಡನೆಯದು ಮಂಗಳವಾರ ರಾತ್ರಿ ಬಂತು.
ತೂಗಿತು, ಮುಟ್ಟಿತು, ಬಿಚ್ಚಿ ಹೊಲಿಯಿತು ಕೋಡು;
ಯಾವ ಊರಲ್ಲಿ ತೆಗೆದದ್ದೆಂಬ ಗುರುತು ಕೂಡ ಉದುರಿತು.
ಬೆಳಿಗ್ಗೆ ಬಿಲ್ಲೆ ಹಿಡಿದು ತೆರೆದೆ:
ಅಡುಗೆಮೇಜು, ನಾಲ್ಕು ಮಡಿಕೆಯ ಹಳದಿ ಕಾಗದ,
ಒಂದು ಮೂಲೆ ಸುರುಳಿಯಾಗದಂತೆ ಇಟ್ಟ ಅಕ್ರೋಟು,
ಇನ್ನೊಂದು ಮೂಲೆ ಒತ್ತಿ ಹಿಡಿದ
ಹೆಬ್ಬೆರಳು.